ಕೃಪೆಗೂ ಒಂದು ಮಳೆ ಲೆಕ್ಕ: ದೇವರ ಉಪಕಾರವನ್ನೂ ಒಳಗಿನ ಹಸಿವನ್ನೂ ದಿನದಿನ ಗಮನಿಸುವ ಕ್ರಮ

ಕೊಡಗಿನಲ್ಲಿ ತೋಟವಿರುವ ಎಷ್ಟೋ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಒಂದಿರುತ್ತದೆ. ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ಮಾಪಕದ ನೀರನ್ನು ಅಳತೆ ಗ್ಲಾಸಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಇಂಚು-ಸೆಂಟಿನಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಎಂಟು ಸೆಂಟು ಬಿದ್ದರೂ ಬರೆಯುತ್ತಾರೆ, ಏನೂ ಬೀಳದ ದಿನ ಸೊನ್ನೆ ಹಾಕುತ್ತಾರೆ. ಲೆಕ್ಕ ಇಡದವರು 'ಈ ಸಲ ಮಳೆಯೇ ಇಲ್ಲ ಮಾರಾಯ್ರೆ' ಅನ್ನುತ್ತಾರೆ. ಪುಸ್ತಕ ತೆಗೆದು ನೋಡಿದರೆ ಹೋದ ವರ್ಷಕ್ಕಿಂತ ಎರಡು ಇಂಚು ಹೆಚ್ಚೇ ಬಿದ್ದಿರುವುದುಂಟು.

ದೇವರ ಉಪಕಾರಗಳ ವಿಷಯದಲ್ಲಿ ನಮ್ಮಲ್ಲಿ ಹೆಚ್ಚಿನವರು ಲೆಕ್ಕ ಇಡದವರ ಪೈಕಿ. ಕೀರ್ತನೆ 103ರ ಎರಡನೆಯ ವಚನದಲ್ಲಿ ಕೀರ್ತನೆಗಾರ ತನ್ನ ಮನಸ್ಸಿಗೇ ಹೇಳಿಕೊಳ್ಳುತ್ತಾನೆ, ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ ಎಂದು. ಮನಸ್ಸು ತಾನಾಗಿ ನೆನಪಿಡುವಂಥದ್ದಾಗಿದ್ದರೆ ಹಾಗೆ ಹೇಳಬೇಕಾಗಿರಲಿಲ್ಲ. ನಾವು ಮನೆ ಪ್ರಾರ್ಥನೆಯಲ್ಲಿ 'ಎಲ್ಲಾ ಉಪಕಾರಗಳಿಗಾಗಿ ಸ್ತೋತ್ರ' ಎಂದು ಒಂದೇ ಉಸಿರಿಗೆ ಮುಗಿಸುತ್ತೇವೆ. ಆ 'ಎಲ್ಲಾ' ಅಂದರೆ ಏನೇನು ಎಂದು ಮಗು ಕೇಳಿದರೆ ಆರೋಗ್ಯ, ಮನೆ, ಮಕ್ಕಳು ಎಂದು ಹೇಳಿ ನಾಲ್ಕನೆಯದಕ್ಕೆ ತಡವರಿಸುತ್ತೇವೆ.

ಮುಂದಿನ ಕ್ರಮಕ್ಕೆ ಬೇಕಾದದ್ದು ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ರಾತ್ರಿ ಏಳೆಂಟು ನಿಮಿಷ. ಕಡಿಮೆಯೆಂದರೆ ಆರು ವಾರ ಮಾಡಬೇಕು. ಎರಡು ವಾರಕ್ಕೆ ಬಿಟ್ಟರೆ ಏನೂ ತಿಳಿಯುವುದಿಲ್ಲ, ಹದಿನೈದು ದಿನದ ಮಳೆ ಲೆಕ್ಕದಿಂದ ವರ್ಷದ ಮಳೆ ತಿಳಿಯದ ಹಾಗೆ. ಕ್ಯಾಥೊಲಿಕರು, ಸಿಎಸ್‌ಐ ಸಭೆಯವರು, ಪೆಂತೆಕೊಸ್ತ್ ಸಭೆಯವರು ಯಾರೂ ಮಾಡಬಹುದು. ಹೊಸದೇನೂ ಅಲ್ಲ: 16ನೇ ಶತಮಾನದಲ್ಲಿ ಯೇಸುಸಭೆಯ ಸ್ಥಾಪಕ ಇಗ್ನಾಸಿಯ ಲೊಯೋಲ ಕಲಿಸಿದ ಆತ್ಮಪರಿಶೋಧನೆಯ ಐದು ಹಂತಗಳಲ್ಲಿ ಮೊದಲನೆಯದೇ ಪಡೆದದ್ದಕ್ಕೆ ಕೃತಜ್ಞತೆ, ಪಾಪದ ಲೆಕ್ಕ ಅದರ ಮೇಲೆ ಬರುತ್ತದೆ. ಈ ಅನುಕ್ರಮವನ್ನು ನಾವು ಸಾಮಾನ್ಯವಾಗಿ ತಲೆಕೆಳಗು ಮಾಡಿಕೊಂಡಿರುತ್ತೇವೆ.

ಪುಸ್ತಕದ ಎಡಪುಟ

ಗೆರೆ ಹಾಕಿದ ನೂರು ಪುಟದ ಪುಸ್ತಕ ಸಾಕು. ತೆರೆದಾಗ ಎದುರುಬದುರು ಕಾಣುವ ಎರಡು ಪುಟಗಳಲ್ಲಿ ಎಡಗಡೆ 'ಸಿಕ್ಕಿದ್ದು' ಎಂದೂ ಬಲಗಡೆ 'ಹಸಿವು' ಎಂದೂ ತಲೆಬರಹ ಹಾಕಿ. ಒಂದು ಜೋಡಿ ಪುಟಕ್ಕೆ ಒಂದು ವಾರ ಹಿಡಿಯುತ್ತದೆ. ಜೆಲ್ ಪೆನ್ನು ಬೇಡ, ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳಲ್ಲಿ ಕಾಗದವೆಲ್ಲ ತೇವ ಎಳೆದುಕೊಂಡು ಶಾಯಿ ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ. ಫೋನಿನಲ್ಲಿ ಬರೆಯುವುದೂ ಬೇಡ. ಬರೆಯಲೆಂದು ಫೋನ್ ತೆಗೆದವರು ಯಾರದೋ ಮದುವೆಯ ಫೋಟೋ ನೋಡುತ್ತ ಕೂತುಬಿಡುತ್ತಾರೆ.

ಹೊತ್ತನ್ನು ಹೊಸದಾಗಿ ಹುಡುಕಬೇಡಿ. ಈಗಾಗಲೇ ತಪ್ಪದೆ ನಡೆಯುವ ಯಾವುದಾದರೂ ಒಂದಕ್ಕೆ ಇದನ್ನು ಕಟ್ಟಿ: ಜಪಸರ ಮುಗಿದ ಮೇಲೆ, ಮನೆ ಪ್ರಾರ್ಥನೆ ಆದ ಮೇಲೆ, ಪಾತ್ರೆ ತೊಳೆದಿಟ್ಟ ಮೇಲೆ. ಕುಯ್ಲಿನ ಕಾಲದಲ್ಲಿ ಊಟ ಮಾಡಿದೊಡನೆ ಕಣ್ಣು ಎಳೆಯುವವರು ಮರುದಿನ ಬೆಳಿಗ್ಗೆ ಮೊದಲ ಕಾಫಿಯ ಜೊತೆ ಹಿಂದಿನ ದಿನದ್ದನ್ನು ಬರೆಯಲಿ. ಒಂದು ದಿನ ತಪ್ಪಿತೇ, ಅದನ್ನು ಊಹಿಸಿ ತುಂಬಬೇಡಿ. ಗೆರೆ ಎಳೆದು ಮುಂದೆ ಹೋಗಿ.

ದಿನಕ್ಕೆ ಮೂರು ಸಾಲು. ಒಂದೇ ಸಾಲೆಂದರೆ ಎದುರಿಗೆ ಬಂದ ದೊಡ್ಡ ವಿಷಯವನ್ನು ಬರೆದು ಮುಗಿಸುತ್ತೇವೆ, ಹುಡುಕುವುದೇ ಇಲ್ಲ. ಹತ್ತು ಎಂದರೆ ಐದರ ಮೇಲೆ ಕಟ್ಟಿ ಹೇಳಲು ಶುರುಮಾಡುತ್ತೇವೆ. ಮೂರನೆಯ ಸಾಲಿಗೆ ಸ್ವಲ್ಪ ಯೋಚಿಸಬೇಕಾಗುತ್ತದೆ, ಅದೇ ಬೇಕಾದದ್ದು. ಪ್ರತಿ ಸಾಲಿನಲ್ಲಿ ಮೂರು ಇರಲಿ: ಯಾವಾಗ ಅಥವಾ ಎಲ್ಲಿ, ಏನು, ಯಾರ ಕೈಯಿಂದ. ಒಳ್ಳೆಯ ದಾನವೆಲ್ಲ ಮೇಲಣಿಂದ ಇಳಿದು ಬರುತ್ತದೆ ಎಂದು ಯಾಕೋಬ 1:17 ಹೇಳುವುದು ನಿಜ, ಆದರೆ ಇಳಿದು ಬರುವಾಗ ಬಹಳ ಸಲ ಯಾರದೋ ಕೈ ದಾಟಿ ಬರುತ್ತದೆ. ಆ ಕೈಯನ್ನು ಗುರುತಿಸದ ಕೃತಜ್ಞತೆ ತುಸು ಗಾಳಿಯಲ್ಲೇ ಉಳಿಯುತ್ತದೆ.

'ನೆರೆಹೊರೆಯವರಿಗಾಗಿ ಸ್ತೋತ್ರ' ಎಂದು ಬರೆದರೆ ಅದು ಸಾಲಲ್ಲ, ಶೀರ್ಷಿಕೆ. ಹೀಗಿರಲಿ: 'ಮಧ್ಯಾಹ್ನ ಮೂರು ಗಂಟೆ. ಕಣದಲ್ಲಿ ಕಾಫಿ ಚೆರಿ ಹರಡಿತ್ತು. ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟಿತು. ಕೂಗದೆಯೇ ಪಕ್ಕದ ಮನೆಯ ಇಬ್ಬರು ಹುಡುಗರು ಬಂದು ಟಾರ್ಪಾಲಿನ ಆ ತುದಿ ಹಿಡಿದರು. ಮೊದಲ ಹನಿ ಬೀಳುವ ಹೊತ್ತಿಗೆ ಮುಚ್ಚಿಯಾಗಿತ್ತು.' ಇದರಲ್ಲಿ ಎಷ್ಟಿದೆ ನೋಡಿ. ಒಣಗಿದ ಕಾಫಿ ಉಳಿದದ್ದು ಒಂದು. ಕೂಗದೆ ಬಂದದ್ದು ಇನ್ನೊಂದು. ಹನಿಗೂ ಟಾರ್ಪಾಲಿಗೂ ನಡುವೆ ಇದ್ದ ಆ ಎರಡು ನಿಮಿಷ ಮತ್ತೊಂದು. ಬರೆಯುವ ತನಕ ಮೊದಲನೆಯದು ಮಾತ್ರ ಕಂಡಿರುತ್ತದೆ.

ಬರೆದಾದ ಮೇಲೆ ಮುಖ್ಯ ಕೆಲಸ. ನಮ್ಮ ಕನ್ನಡದಲ್ಲಿ ಒಂದು ತೊಡಕಿದೆ: ಬಸ್ಸು ಸಿಕ್ಕಿತು, ಕೆಲಸ ಆಯಿತು, ದುಡ್ಡು ಬಂತು, ಜ್ವರ ಬಿಟ್ಟಿತು. ಎಲ್ಲವೂ ತಾನಾಗಿ ಆದವೇ, ಕೊಟ್ಟವರು ಯಾರೂ ಇಲ್ಲ. ಮೂರೂ ಸಾಲುಗಳನ್ನು ಮೆಲುದನಿಯಲ್ಲಿ ದೇವರಿಗೆ ಓದಿ ಹೇಳಿ, ಓದುವಾಗ ಕ್ರಿಯಾಪದ ಬದಲಿಸಿ. ಸಿಕ್ಕಿತು ಎಂದಿದ್ದಲ್ಲಿ 'ಕೊಟ್ಟೆ', ಬಂತು ಎಂದಿದ್ದಲ್ಲಿ 'ಕಳಿಸಿದೆ', ಬಿಟ್ಟಿತು ಎಂದಿದ್ದಲ್ಲಿ 'ಬಿಡಿಸಿದೆ'. 'ಆ ಹುಡುಗರನ್ನು ನೀನು ಕಳಿಸಿದೆ.' ಮೊದಲ ವಾರ ನಾಲಗೆ ಹೊರಳುವುದಿಲ್ಲ, ನಾಟಕವಾಡಿದಂತೆ ಅನಿಸುತ್ತದೆ. ಎರಡನೆಯ ವಾರದಲ್ಲಿ ಸರಿಹೋಗುತ್ತದೆ. ಈ ಹೆಜ್ಜೆ ಬಿಟ್ಟರೆ ಪುಸ್ತಕ ಬರೀ ಡೈರಿ.

ಎಡಪುಟ ಕೆಡುವುದು ಸಾಮಾನ್ಯವಾಗಿ ಮೂರು ಬಗೆಯಲ್ಲಿ. ಒಂದು, ಅದೇ ಸಾಲು ಮರಳಿ ಮರಳಿ ಬರುವುದು. ಇದಕ್ಕೆ ಒಂದು ವಾರ ವಿಷಯ ಕಟ್ಟಿಕೊಳ್ಳಿ: ಸೋಮವಾರ ಕಿವಿಗೆ ಬಿದ್ದದ್ದು ಮಾತ್ರ, ಮಂಗಳವಾರ ಕೈಗೆ ತಾಗಿದ್ದು ಮಾತ್ರ, ಬುಧವಾರ ಬೇರೆಯವರು ನಿಮ್ಮ ಬದಲು ಮಾಡಿದ ಕೆಲಸ. ಎರಡು, ಮುಯ್ಯಿ ಪುಸ್ತಕವಾಗುವುದು. ಮದುವೆ ಮನೆಯಲ್ಲಿ ಯಾರು ಎಷ್ಟು ಹಾಕಿದರು ಎಂದು ಬರೆದಿಟ್ಟು ಅವರ ಮನೆಯ ಮದುವೆಗೆ ಅಷ್ಟೇ ಹಾಕುತ್ತೇವಲ್ಲ, ಹಾಗೆ ದೇವರಿಗೂ ತೀರಿಸಬೇಕು ಎನ್ನುವ ಲೆಕ್ಕ ನುಸುಳುತ್ತದೆ. ಸಾಲಿನ ಕೆಳಗೆ 'ಆದ್ದರಿಂದ ನಾನು ಇನ್ನು ಮೇಲೆ...' ಎಂದು ಬರೆಯಲು ಕೈ ಹೋದರೆ ನಿಲ್ಲಿಸಿ. ತೀರಿಸಲಾಗದ್ದಕ್ಕೇ ಕೃಪೆ ಎಂದು ಹೆಸರು.

ಮೂರನೆಯದು ಹೋಲಿಕೆ, ಎಲ್ಲಕ್ಕಿಂತ ಕೆಟ್ಟದ್ದು, ಗುರುತು ಹಿಡಿಯುವುದೂ ಕಷ್ಟ. 'ಆನೆ ನಮ್ಮ ಗದ್ದೆಗೆ ಇಳಿಯಲಿಲ್ಲ, ಆಚೆಯವರ ಗದ್ದೆಗೆ ಹೋಯಿತು, ಸ್ತೋತ್ರ.' ಲೂಕ 18ರಲ್ಲಿ ಫರಿಸಾಯನೂ ಸ್ತೋತ್ರವನ್ನೇ ಹೇಳಿದ್ದು, ಬೇರೆಯವರ ಹಾಗೆ ತಾನಿಲ್ಲವಲ್ಲ ಎಂದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಮನೆ ಉಳಿದವರೂ ಇದ್ದರು, ಮನೆಯೂ ಮನೆಯವರೂ ಹೋದವರೂ ಇದ್ದರು. ಉಳಿದ ಮನೆಗೆ ಕೃತಜ್ಞತೆ ಹೇಳಬಾರದೆಂದಲ್ಲ. ಆದರೆ ಆ ಸಾಲನ್ನು ಮನೆ ಹೋದವರ ಎದುರಿಗೆ ಓದಲು ಆಗುತ್ತದೆಯೇ ಎಂದು ಒಮ್ಮೆ ಕೇಳಿಕೊಳ್ಳಿ. ಆಗದಿದ್ದರೆ ಸಾಲು ಹೀಗೆ ತಿದ್ದಿಕೊಳ್ಳಬೇಕು: 'ನಮ್ಮ ಮಾಡು ನಿಂತಿದೆ. ಅವರದು ನಿಂತಿಲ್ಲ. ಒಲೆ ಉರಿಯುತ್ತಿದೆ, ಇಬ್ಬರಿಗೆ ಹೆಚ್ಚು ಅಕ್ಕಿ ಹಾಕಬಹುದು.'

ಬಲಪುಟ

ಬಲಗಡೆ ದಿನಕ್ಕೆ ಒಂದೇ ಸಾಲು, ಮೂರು ಪ್ರಶ್ನೆಗೆ ಉತ್ತರ: ಇವತ್ತು ಏನು ಬೇಕೆನಿಸಿತು, ಅದಕ್ಕಾಗಿ ಎಲ್ಲಿಗೆ ಹೋದೆ, ತುಂಬಿತೇ? ಉದಾಹರಣೆಗೆ: 'ರಾತ್ರಿ 10:30. ಏನೋ ಬೇಸರ. ಫೋನ್ ತೆಗೆದೆ. 11:45ಕ್ಕೆ ಇಟ್ಟೆ. ಬೇಸರ ಹಾಗೇ ಇದೆ, ಕಣ್ಣು ಉರಿ ಬೇರೆ.' ಇಲ್ಲಿ ತಪ್ಪೊಪ್ಪಿಗೆ ಬೇಡ, ವರದಿ ಸಾಕು. ಯೆರೆಮೀಯ 2:13ರಲ್ಲಿ ದೇವರು ಜನರ ಮೇಲೆ ಹೇಳುವ ದೂರು ಅವರು ಬಾಯಾರಿದರು ಎಂದಲ್ಲ. ಬುಗ್ಗೆಯನ್ನು ಬಿಟ್ಟು ನೀರು ನಿಲ್ಲದ ಬಿರುಕು ತೊಟ್ಟಿ ತೋಡಿಕೊಂಡರು ಎಂದು. ಯಾವ ತೊಟ್ಟಿ ಸೋರುತ್ತದೆ ಎಂದು ತಿಳಿಯುವುದೇ ಬಲಪುಟದ ಕೆಲಸ.

ಎರಡು ವಾರ ಕಳೆದ ಮೇಲೆ ಹಿಂದಿರುಗಿ ಓದುತ್ತ ಗುರುತು ಹಾಕಿ. ದೇಹದ ಹಸಿವಾಗಿದ್ದರೆ, ಅಂದರೆ ನಿದ್ದೆ, ಊಟ, ನೋವು, ಒಂದು ಚುಕ್ಕಿ. ಜನರ ಹಸಿವಾಗಿದ್ದರೆ, ಮಾತಿಗೆ ಯಾರೂ ಇಲ್ಲದ್ದು, ಯಾರೂ ಕೇಳದ್ದು, ಒಂದು ಅಡ್ಡಗೆರೆ. ಇವೆರಡೂ ಅಲ್ಲವೆಂದು ತೋರಿದರೆ ಶಿಲುಬೆ. ಅವಸರಪಟ್ಟು ಎಲ್ಲದಕ್ಕೂ ಶಿಲುಬೆ ಹಾಕುವ ಭಕ್ತರಿದ್ದಾರೆ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಸಾವನ್ನೇ ಬೇಡಿ ಗಿಡದ ಕೆಳಗೆ ಮಲಗಿದಾಗ ದೇವದೂತ ಬೋಧನೆ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಕೊಟ್ಟ, ಮಲಗಲು ಬಿಟ್ಟ, ಎಬ್ಬಿಸಿ ಮತ್ತೆ ಉಣ್ಣಿಸಿದ. ಹೋರೇಬ್ ಬೆಟ್ಟದಲ್ಲಿ ದೇವರ ಸೂಕ್ಷ್ಮ ಸ್ವರ ಕೇಳಿಸಿದ್ದು ಅದಾಗಿ ನಲವತ್ತು ದಿನದ ನಡಿಗೆಯ ನಂತರ. ಜನವರಿಯಿಂದ ಮಾರ್ಚ್‌ವರೆಗೆ ರೋಬಸ್ಟಾ ಕಾಫಿ ಕುಯ್ಲಿನಲ್ಲಿ ಬೆನ್ನು ಬಗ್ಗಿಸಿದವರಿಗೆ ಪ್ರಾರ್ಥನೆ ಸಪ್ಪೆ ಅನಿಸಿದರೆ, ಮೊದಲು ಮೂರು ರಾತ್ರಿ ಒಂದು ಗಂಟೆ ಬೇಗ ಮಲಗಿ ನೋಡುವುದು. ಅದರಿಂದ ಸರಿಹೋದರೆ ಅದು ಚುಕ್ಕಿ. ಅಡ್ಡಗೆರೆ ಹೆಚ್ಚಿದ್ದರೆ ಯಾರ ಮನೆಗಾದರೂ ಹೋಗಿ ಬನ್ನಿ. ಒಬ್ಬರೇ ಕೂತು ಇನ್ನೊಂದು ಗಂಟೆ ಪ್ರಾರ್ಥಿಸುವುದು ಅದಕ್ಕೆ ಮದ್ದಲ್ಲ.

ಶಿಲುಬೆಯ ಗುರುತು ಬಿದ್ದ ದಿನಗಳನ್ನು ಎಡಪುಟದ ಜೊತೆ ಇಟ್ಟು ನೋಡಿ. ಹಲವರಿಗೆ ಆಶ್ಚರ್ಯವಾಗುವುದು ಇಲ್ಲಿ: ಅವು ಕಷ್ಟದ ದಿನಗಳಲ್ಲಿಲ್ಲ, ಒಳ್ಳೆಯ ದಿನಗಳ ಮರುದಿನ ಇರುತ್ತವೆ. ಮಗಳ ಮದುವೆ ಚೆನ್ನಾಗಿ ಮುಗಿದ ಮರುದಿನ, ಕಾಫಿ ದುಡ್ಡು ಬ್ಯಾಂಕಿಗೆ ಬಂದ ವಾರ. 2024ರಲ್ಲಿ ರೋಬಸ್ಟಾ ರೇಟು ದಾಖಲೆ ಮುಟ್ಟಿತು. ಧರ್ಮೋಪದೇಶಕಾಂಡ 8ನೇ ಅಧ್ಯಾಯ ಓದಲು ಅಂಥ ವರ್ಷವೇ ಸರಿ. ಉಂಡು ತೃಪ್ತರಾದಾಗ, ಒಳ್ಳೆಯ ಮನೆ ಕಟ್ಟಿಕೊಂಡಾಗ, ಬೆಳ್ಳಿ ಬಂಗಾರ ಹೆಚ್ಚಿದಾಗ ಎಚ್ಚರ ಎನ್ನುತ್ತದೆ ಅದು. ಇಂಥ ದಿನ ಒಳಗೆ ಏನೋ ಇನ್ನೂ ಖಾಲಿ ಇದೆ ಎಂದು ತಿಳಿಯುವುದು ಕೃತಘ್ನತೆಯಲ್ಲ. ಕೊಟ್ಟದ್ದನ್ನು ಸರಿಯಾಗಿ ನೋಡಿದವನಿಗೆ ಕೊಟ್ಟವನೇ ಬೇಕೆನಿಸುತ್ತದೆ, ಅಷ್ಟೆ. ಯೋಹಾನ 6:26ರಲ್ಲಿ ಯೇಸು ಹುಡುಕಿಕೊಂಡು ಬಂದ ಜನಕ್ಕೆ ಹೇಳಿದ್ದೂ ಇದೇ: ನೀವು ಬಂದದ್ದು ರೊಟ್ಟಿ ತಿಂದು ಹೊಟ್ಟೆ ತುಂಬಿತೆಂದು. ರೊಟ್ಟಿ ಕೊಟ್ಟವನೂ ಅವನೇ, ಅಲ್ಲಿಗೇ ನಿಲ್ಲಬೇಡಿ ಎಂದವನೂ ಅವನೇ.

ಹಸಿವನ್ನು ಕೆಡಿಸದಿರುವುದು

ಕಾಫಿ ಗಿಡದ ಮೊಗ್ಗಿಗೆ ಒಂದಷ್ಟು ವಾರ ಒಣಗು ಬೇಕು. ಆ ಒಣಗಿನಲ್ಲೇ ಮೊಗ್ಗು ಬಲಿಯುವುದು. ಫೆಬ್ರವರಿ-ಮಾರ್ಚಿನಲ್ಲಿ ಒಂದು ಇಂಚಿನಷ್ಟು ಹೂಮಳೆ ಒಟ್ಟಿಗೆ ಬಿದ್ದರೆ ಎಂಟು-ಹತ್ತು ದಿನದಲ್ಲಿ ಗುಡ್ಡಕ್ಕೆ ಗುಡ್ಡವೇ ಬೆಳ್ಳಗೆ ಅರಳಿ, ಮಲ್ಲಿಗೆಯಂಥ ಪರಿಮಳ ರಸ್ತೆಗೆ ಬರುತ್ತದೆ. ಹದಿನೈದು ಇಪ್ಪತ್ತು ಸೆಂಟಿನ ಅರೆಮಳೆ ಬಿದ್ದರೆ ಬೆಳೆಗಾರ ಸಂತೋಷಪಡುವುದಿಲ್ಲ. ಮೊಗ್ಗು ಅರ್ಧ ಎಚ್ಚೆತ್ತು ಪೂರಾ ಅರಳದೆ ಕೆಡುತ್ತದೆ.

ಆತ್ಮಿಕ ಹಸಿವನ್ನು ಕೆಡಿಸುವುದೂ ಈ ಅರೆಮಳೆಯೇ. ಬೆಳಿಗ್ಗೆ ಎದ್ದೊಡನೆ ವಾಟ್ಸಾಪಿಗೆ ಬರುವ ಹೂವಿನ ಚಿತ್ರದ ವಚನ, ಅಡಿಗೆ ಮಾಡುತ್ತ ಕೇಳುವ ನಲವತ್ತು ಸೆಕೆಂಡಿನ ಪ್ರಸಂಗದ ತುಣುಕು, ಬಸ್ಸಿನಲ್ಲಿ ಎರಡು ಹಾಡು. ಒಂದೊಂದೂ ಒಳ್ಳೆಯದೇ. ಆದರೆ ದಿನವಿಡೀ ಕುರುಕಲು ತಿಂದವನು ಊಟಕ್ಕೆ ಕೂತಾಗ ಮುಖ ಸಿಂಡರಿಸುತ್ತಾನೆ. ಜ್ಞಾನೋಕ್ತಿ 27:7ರಲ್ಲಿ ಹೊಟ್ಟೆ ತುಂಬಿದವನು ಜೇನುಗೂಡನ್ನೂ ತುಳಿಯುತ್ತಾನೆ, ಹಸಿದವನಿಗೆ ಕಹಿಯೂ ಸಿಹಿ ಎಂದಿದೆ. ಜೇನಿನ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆರು ವಾರದ ಮಟ್ಟಿಗೆ ತುಣುಕುಗಳನ್ನೆಲ್ಲ ನಿಲ್ಲಿಸಿ, ಬದಲಿಗೆ ವಾರಕ್ಕೆ ಮೂರು ದಿನ ಇಪ್ಪತ್ತು ನಿಮಿಷ ಒಂದೇ ಭಾಗ ಓದಿ. ಕೀರ್ತನೆ 63, ಕೀರ್ತನೆ 42, ಯೆಶಾಯ 55ರ ಮೊದಲ ಮೂರು ವಚನ. ವಾರವಿಡೀ ಅದೇ ಒಂದು. ಮೊದಲ ಸಲ ಬಾಯಿಬಿಟ್ಟು ಓದಿ, ಎರಡನೆಯ ಸಲ ನಿಂತಲ್ಲಿ ನಿಲ್ಲಿ, ಮೂರನೆಯ ಸಲ ಓದಿ ಪುಸ್ತಕ ಮುಚ್ಚಿ ಐದು ನಿಮಿಷ ಸುಮ್ಮನಿರಿ. 'ಹಸಿದು ಹಲಸು, ಉಂಡು ಮಾವು' ಅನ್ನುವ ಹಾಗೆ ಭಾರವಾದ ಭಾಗವನ್ನು ಹಸಿವಿರುವ ಹೊತ್ತಿಗೆ, ಬೆಳಗಿನ ಜಾವಕ್ಕೆ ಇಟ್ಟುಕೊಳ್ಳುವುದು ಲೇಸು.

ಉಪವಾಸದ ಬಗ್ಗೆ ಸ್ವಲ್ಪ ವಿವರವಾಗಿ. ಕ್ಯಾಥೊಲಿಕರಿಗೆ ಕಡ್ಡಾಯ ಉಪವಾಸ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, 18ರಿಂದ 59 ವರ್ಷದವರಿಗೆ: ಒಂದು ಪೂರ್ಣ ಊಟ, ಬೇಕಿದ್ದರೆ ಅದಕ್ಕಿಂತ ಕಡಿಮೆಯ ಎರಡು ಸಣ್ಣ ಊಟ. ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ನೀರು, ಔಷಧಿ ಬಿಟ್ಟು ಬೇರೇನೂ ಇಲ್ಲ. ಉಳಿದ ಸಭೆಗಳಲ್ಲಿ ಅವರವರ ರೂಢಿ. ಹಿಂದೆ ಎಂದೂ ಮಾಡಿರದವರು ವಾರಕ್ಕೊಂದು ದಿನ ಬೆಳಗಿನ ತಿಂಡಿ ಮಾತ್ರ ಬಿಡಿ, ನೀರು ಕುಡಿಯುತ್ತಿರಿ. ತಿಂಡಿಗೆ ಹಿಡಿಯುತ್ತಿದ್ದ ಇಪ್ಪತ್ತು ನಿಮಿಷವನ್ನು ಪ್ರಾರ್ಥನೆಗೆ ಕೊಡಿ. ಆ ಹೊತ್ತಿನಲ್ಲಿ ಬಟ್ಟೆ ಒಗೆದರೆ ಅದು ಉಪವಾಸವಲ್ಲ, ತಿಂಡಿ ತಪ್ಪಿದ್ದು. ಹೊಟ್ಟೆ ಚುರುಗುಟ್ಟಿದಾಗೆಲ್ಲ ಒಂದೇ ಮಾತು: 'ಇದಕ್ಕಿಂತ ಹೆಚ್ಚು ನೀನು ಬೇಕು.' ಸುಳ್ಳೆನಿಸಿದರೆ 'ಬೇಕೆನಿಸುವ ಹಾಗೆ ಮಾಡು' ಎನ್ನಿ, ಅದೂ ಪ್ರಾರ್ಥನೆಯೇ.

ತಿಂಡಿಯನ್ನೂ ಕಾಫಿಯನ್ನೂ ಒಂದೇ ದಿನ ಬಿಡಬೇಡಿ. ದಿನಕ್ಕೆ ನಾಲ್ಕು ಲೋಟ ಕುಡಿಯುವವರು ಒಮ್ಮೆಲೆ ನಿಲ್ಲಿಸಿದರೆ ಒಂದು ದಿನದೊಳಗೆ ತಲೆನೋವು ಶುರುವಾಗುತ್ತದೆ. ಅದು ಕೆಫೀನ್ ಇಲ್ಲದ್ದಕ್ಕೆ, ಸೈತಾನನ ಕಾಟಕ್ಕಲ್ಲ. ತಪಸ್ಸುಕಾಲಕ್ಕೆ ಕಾಫಿ ಬಿಡುವ ಮನಸ್ಸಿದ್ದರೆ ಬೂದಿ ಬುಧವಾರಕ್ಕೆ ಹತ್ತು ದಿನ ಮುಂಚಿನಿಂದ ಒಂದೊಂದೇ ಲೋಟ ಇಳಿಸಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡಲೇಬಾರದು. ಕೈ ನಡುಗಿ ಬೆವರು ಕಿತ್ತುಬಂದರೆ ಆ ಕ್ಷಣವೇ ಸಕ್ಕರೆ ಬಾಯಿಗೆ ಹಾಕಿ ಉಪವಾಸ ಮುರಿಯಬೇಕು. ಬಸುರಿಯರು, ಬಾಣಂತಿಯರು, ಚಿಕ್ಕ ಮಕ್ಕಳು, ದಿನವಿಡೀ ಮೈಮುರಿದು ದುಡಿಯುವವರು ಊಟದ ಬದಲು ಟಿವಿಯನ್ನೋ ಫೋನನ್ನೋ ಸಂಜೆ ಆರರಿಂದ ಮರುದಿನ ಆರರವರೆಗೆ ಬಿಡಲಿ. ಮನೆಯವರಿಗೆ ತಿಳಿಸುವುದು ಸರಿ, ಊರಿಗೆಲ್ಲ ಬೇಡ. ಮತ್ತಾಯ 6ರಲ್ಲಿ ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಹೇಳಿರುವುದು ಅದಕ್ಕೇ.

ಸೊನ್ನೆ ಬರೆಯುವ ದಿನಗಳು

ಸಾವಾದ ಮನೆಯಲ್ಲಿ, ಕೆಲಸ ಹೋದ ತಿಂಗಳಲ್ಲಿ ಮೂರು ಸಾಲು ಬರುವುದಿಲ್ಲ. ಬರೆಯಲೇಬೇಕೆಂದು ಒತ್ತಾಯಿಸುವುದು ಕ್ರೌರ್ಯ, ಮುಖ್ಯವಾಗಿ ಬೇರೆಯವರನ್ನು. ದುಃಖದಲ್ಲಿದ್ದವರ ಮನೆಗೆ ಹೋಗಿ 'ಎಲ್ಲದಕ್ಕೂ ಸ್ತೋತ್ರ ಹೇಳಬೇಕಮ್ಮ' ಎನ್ನುವವರು ದಯವಿಟ್ಟು ಚಹಾ ಮಾಡಿ ಕೊಟ್ಟು ಸುಮ್ಮನೆ ಕೂತು ಬರಲಿ. ಅಂಥ ದಿನ ಎಡಪುಟದಲ್ಲಿ ಸೊನ್ನೆ ಹಾಕಿ. ಬಲಪುಟದಲ್ಲಿ ದೂರು ಬರೆಯಿರಿ, ದೇವರನ್ನು ಸಂಬೋಧಿಸಿ. ಕೀರ್ತನೆ 88 ಕತ್ತಲೆ ಎಂಬಲ್ಲಿಗೆ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಅದನ್ನೂ ಕೀರ್ತನೆಗಳ ಜೊತೆಗೇ ಇಟ್ಟಿದ್ದಾರೆ. ಸೊನ್ನೆಗಳು ಮೂರು ವಾರ ದಾಟಿ, ನಿದ್ದೆಯೂ ಊಟವೂ ಕೆಟ್ಟು, ಬದುಕೇ ಬೇಡ ಎನಿಸತೊಡಗಿದರೆ ಅದು ಈ ಪುಸ್ತಕದ ಕೆಲಸವಲ್ಲ. ಆ ಯೋಚನೆ ಬಂದ ದಿನವೇ ಮನೆಯವರಿಗೆ ಹೇಳಿ, ಡಾಕ್ಟರ ಹತ್ತಿರ ಹೋಗಿ, ಗುರುಗಳಿಗೂ ತಿಳಿಸಿ.

ಶನಿವಾರದ ಹಕ್ಕಲು

ವಾರಕ್ಕೊಮ್ಮೆ, ಶನಿವಾರ ಸಂಜೆ ಹದಿನೈದು ನಿಮಿಷ, ಆ ವಾರದ ಎರಡೂ ಪುಟ ಓದಿ. ಕುಯ್ದ ಮೇಲೂ ಗಿಡದ ಬುಡದಲ್ಲಿ ಕಾಫಿ ಬಿದ್ದಿರುತ್ತದೆ, ಅದನ್ನು ಆಯುವುದೇ ಹಕ್ಕಲು. ಹಾಗೆ ಬರೆಯುವಾಗ ಕಾಣದೆ ಹೋದದ್ದು ಈಗ ಕಾಣುತ್ತದೆ. ಒಂದೇ ಕೈ ಮೂರು ಸಲ ಬಂದಿದೆಯೇ? ಆ ವ್ಯಕ್ತಿಗೆ ಭಾನುವಾರ ಬಾಯಿಬಿಟ್ಟು ಹೇಳಿ. ಲೂಕ 17ರಲ್ಲಿ ಗುಣವಾದವರು ಹತ್ತು ಮಂದಿ, ಹಿಂದಿರುಗಿ ಬಂದವನು ಒಬ್ಬ. ಉಳಿದ ಒಂಬತ್ತು ಮಂದಿಗೂ ಮನಸ್ಸಿನಲ್ಲಿ ಕೃತಜ್ಞತೆ ಇದ್ದಿರಬಹುದು, ದಾರಿ ತಿರುಗಿಸಲಿಲ್ಲ ಅಷ್ಟೆ.

ಹಕ್ಕಲೆಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ. ಯಾಜಕಕಾಂಡ 19:9-10 ಹೊಲದ ಅಂಚು ಕೊಯ್ಯಬೇಡ, ಹಕ್ಕಲು ಆಯಬೇಡ, ಬಡವರಿಗೂ ಪರದೇಶಿಗೂ ಬಿಡು ಎನ್ನುತ್ತದೆ. ಎಡಪುಟದಲ್ಲಿ ಹಣ, ಹಣ್ಣು, ಅಕ್ಕಿ, ಬಿಡುವು ಏನಾದರೂ ಬಂದಿದ್ದರೆ ಅದರ ಅಂಚನ್ನು ಆ ವಾರವೇ ಯಾರಿಗಾದರೂ ಬಿಡಿ. ತೋಟದ ಕೆಲಸಗಾರರ ಲೈನ್‌ಮನೆಗಳಲ್ಲಿ ದೂರದ ಊರುಗಳಿಂದ ಬಂದವರಿದ್ದಾರೆ, ಪರದೇಶಿ ಯಾರು ಎಂದು ಹುಡುಕಿಕೊಂಡು ಹೋಗಬೇಕಿಲ್ಲ.

ಮಕ್ಕಳಿರುವ ಮನೆಯಲ್ಲಿ ಶನಿವಾರ ಒಬ್ಬೊಬ್ಬರು ಒಂದೊಂದೇ ಸಾಲು ಹೇಳಲಿ, ತಿದ್ದಬೇಡಿ. 'ಕರೆಂಟು ಹೋಯ್ತು, ಹೋಂವರ್ಕ್ ತಪ್ಪಿತು' ಎಂದರೂ ಆಮೆನ್ ಎನ್ನಿ. ಸಭೆಯಲ್ಲಿ ಸಾಕ್ಷಿ ಹೇಳುವವರು ಈ ವಾರದ ಸಾಲೊಂದನ್ನು ಎರಡು ನಿಮಿಷದಲ್ಲಿ ಹೇಳಲಿ. ಹದಿನೈದು ವರ್ಷದ ಹಿಂದಿನ ಅದೇ ಸಾಕ್ಷಿಯನ್ನು ತಿಂಗಳಿಗೊಮ್ಮೆ ಬಿಸಿ ಮಾಡಿ ಬಡಿಸುವುದು ಬೇಡ. ಮರುಭೂಮಿಯಲ್ಲಿ ದೇವರು ದಿನದಿನ ಕೊಟ್ಟ ಮನ್ನ ಎಂಬ ಆಹಾರವನ್ನು ಮರುದಿನಕ್ಕಿಟ್ಟರೆ ಹುಳ ಬಿದ್ದು ನಾರಿತು ಎಂದು ವಿಮೋಚನಕಾಂಡ 16ರಲ್ಲಿದೆ.

ಆದರೆ ಅದೇ ಅಧ್ಯಾಯದ ಕೊನೆಯಲ್ಲಿ ಮುಂದಿನ ಸಂತತಿಗೆ ತೋರಿಸಲೆಂದು ಒಂದು ಓಮೆರ್ ಅಳತೆಯ ಮನ್ನವನ್ನು ಪಾತ್ರೆಯಲ್ಲಿ ಇಡಿಸುತ್ತಾರೆ. ಹಾಗೆ ತುಂಬಿದ ಪುಸ್ತಕವನ್ನು ಎಸೆಯಬೇಡಿ. ಜೂನ್‌ಗೆ ಮುಂಚೆ ಒಂದು ದಿನ ಬಿಸಿಲಿಗೆ ಒಡ್ಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಅಡಿಗೆಮನೆಯ ಅಟ್ಟದಲ್ಲಿಟ್ಟರೆ ಒಲೆಯ ಶಾಖಕ್ಕೆ ಬೂಷ್ಟು ಹಿಡಿಯುವುದಿಲ್ಲ. ಗೋಡೆಗೆ ತಾಗಿಸಿ ಬೀರುವಿನಲ್ಲಿಟ್ಟದ್ದು ಆಗಸ್ಟ್‌ಗೆ ಹಸುರುಗಟ್ಟಿರುತ್ತದೆ.